ವಿಜಯಪುರದ ಬಿಸಿಲಿನಲ್ಲಿ ಬರೋಲೋ ಕಾಯ್ದದ್ದು

ಕೆಂಪು ವೈನನ್ನು ವರ್ಷಗಟ್ಟಲೆ ಇಟ್ಟು ಪಕ್ವ ಮಾಡುವ ವಿದ್ಯೆ ಬೆಳೆದದ್ದು ಚಳಿ ನಾಡುಗಳಲ್ಲಿ. ಅಲ್ಲಿಯವರು ಹೇಳುವುದು ಒಂದೇ ಮಾತು: ನೆಲದಡಿಯ ಕತ್ತಲ ಕೋಣೆಯಲ್ಲಿ ಬಾಟಲಿ ಮಲಗಿಸಿ, ಮರೆತುಬಿಡಿ. ವಿಜಯಪುರದಲ್ಲಿ ಹಾಗೆ ಮರೆತರೆ ವೈನು ಮೊದಲ ಬೇಸಿಗೆ ದಾಟುವುದೇ ಕಷ್ಟ. ಏಪ್ರಿಲ್ ಬಂತೆಂದರೆ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಅದೇ ಹೊತ್ತಿಗೆ ಕರೆಂಟೂ ಕೈಕೊಡುತ್ತದೆ. ಇಂಥ ಊರಲ್ಲಿ ಇಟಲಿಯ ಕೆಂಪು ವೈನಾದ ಬರೋಲೋದ, 2010ರ ಸುಗ್ಗಿಯ ಎರಡು ಬಾಟಲಿಗಳನ್ನು ಕಾಪಾಡಿಕೊಂಡು ಬಂದು, ಹೋದ ಚಳಿಗಾಲದಲ್ಲಿ ಒಂದನ್ನು ತೆರೆದೆವು. ಅದು ಹೇಗಾಯಿತು ಎಂಬುದನ್ನು ಬರೆದಿಡಬೇಕು ಅನ್ನಿಸಿತು. ನಮ್ಮ ಕಡೆಯ ಹುಡುಗರು ಈಗ ಹೊರದೇಶಗಳಲ್ಲಿದ್ದಾರೆ, ಬರುವಾಗ ಒಳ್ಳೆಯ ಬಾಟಲಿ ತರುತ್ತಾರೆ. ಅದು ಟಿವಿ ಪಕ್ಕದ ಶೋಕೇಸಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ನೆಟ್ಟಗೆ ನಿಂತಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮದು ತಿಕೋಟಾ ಕಡೆಯ ದ್ರಾಕ್ಷಿ ಪಡ. ಅಪ್ಪ ಹಚ್ಚಿದ್ದು ಥಾಮ್ಸನ್ ಸೀಡ್‌ಲೆಸ್. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್‌ನಲ್ಲಿ ಇನ್ನೊಂದು, ಫೆಬ್ರುವರಿ-ಮಾರ್ಚ್‌ನಲ್ಲಿ ಕಟಾವು. ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟಿನ ನೀರಿನಲ್ಲಿ ಗೊನೆ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿದರೆ ಎರಡು ವಾರದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಸಿದ್ಧ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ. ಮಾಲು ತಾಸಗಾಂವ್, ಸಾಂಗ್ಲಿ ಪೇಟೆಗೆ ಹೋಗುತ್ತದೆ. ಅಂದರೆ ದ್ರಾಕ್ಷಿ ನಮಗೆ ಹೊಸದಲ್ಲ. ಆದರೆ ಮಣೂಕದ ದ್ರಾಕ್ಷಿಗೂ ಇಟ್ಟು ಕುಡಿಯುವ ವೈನಿನ ದ್ರಾಕ್ಷಿಗೂ ಇರುವ ದೂರ ನನಗೆ ಗೊತ್ತಾದದ್ದು ತಮ್ಮ ಇಟಲಿಯ ತುರಿನ್‌ಗೆ ಕೆಲಸಕ್ಕೆ ಹೋದ ಮೇಲೆ.

ತುರಿನ್‌ನಿಂದ ದಕ್ಷಿಣಕ್ಕೆ ಹೊರಟರೆ ಲಾಂಗೆ ಗುಡ್ಡಸಾಲು ಬರುತ್ತದೆ. ಬರೋಲೋ ಅಲ್ಲಿಯದು, ಆ ಹೆಸರಿನ ಹಳ್ಳಿಯೂ ಸೇರಿ ಹನ್ನೊಂದು ಊರುಗಳ ಸೀಮೆಯದು. ತಮ್ಮ ರಜೆ ಸಿಕ್ಕಾಗ ಆ ಗುಡ್ಡಗಳಿಗೆ ಹೋಗಿ, ರೈತನ ಮಗ ನೋಡುವಂತೆಯೇ ನೋಡಿ, ರಾತ್ರಿ ಫೋನಿನಲ್ಲಿ ಹೇಳುತ್ತಿದ್ದ: "ಅಣ್ಣಾ, ಇಲ್ಲಿ ಕಾಯಿ ಸಣ್ಣದು, ಸಿಪ್ಪಿ ಒಗರು, ಒಳಗ ಬೀಜಾನೂ ಅದಾವು. ನಮ್ಮ ಪ್ಯಾಟ್ಯಾಗ ಯಾರೂ ಮೂಸಿ ನೋಡಂಗಿಲ್ಲ ಇದನ್ನ." ನೆಬ್ಬಿಯೋಲೋ ಎಂಬ ಆ ತಳಿ ಬೇಗ ಚಿಗುರಿ ಬಹಳ ತಡವಾಗಿ, ಅಕ್ಟೋಬರಿನ ಮಂಜಿನಲ್ಲಿ ಹಣ್ಣಾಗುತ್ತದೆ. ನಾವು ಯಾವುದನ್ನು ದೋಷ ಎಂದು ತೆಗೆದುಹಾಕಿದ್ದೇವೋ, ಬೀಜ, ಒಗರು ಸಿಪ್ಪೆ, ಹುಳಿ, ಆ ಮೂರರಿಂದಲೇ ವೈನಿಗೆ ಆಯುಷ್ಯ ಬರುತ್ತದೆ. ಒಗರಿನ ಅಂಶವಾದ ಟ್ಯಾನಿನ್ ಬರುವುದು ಸಿಪ್ಪೆ ಮತ್ತು ಬೀಜದಿಂದ. ಹೊಸದರಲ್ಲಿ ಅದು ನಾಲಗೆಯನ್ನು ಬಿಗಿಹಿಡಿಯುತ್ತದೆ. ವರ್ಷಗಳು ಕಳೆದಂತೆ ಟ್ಯಾನಿನ್ನೂ ಬಣ್ಣದ ಅಂಶವೂ ಒಂದಕ್ಕೊಂದು ಕೂಡಿಕೊಂಡು ದೊಡ್ಡ ಕಣಗಳಾಗಿ, ಕೊನೆಗೆ ಗಸಿಯಾಗಿ ತಳಕ್ಕಿಳಿಯುತ್ತವೆ. ವೈನಿನ ಬಣ್ಣ ತಿಳಿಯಾಗುತ್ತದೆ, ಬಿಗಿ ಸಡಿಲುತ್ತದೆ, ಹಣ್ಣಿನ ವಾಸನೆ ಹಿಂದೆ ಸರಿದು ಬೇರೆ ವಾಸನೆಗಳು ಏಳುತ್ತವೆ. ಹುಳಿ ಕಡಿಮೆ ಇದ್ದರೆ ಅಷ್ಟು ವರ್ಷ ತಾಳುವುದಿಲ್ಲ. ಪೇಟೆಯಲ್ಲಿ ಸಿಗುವ ಬಹುಪಾಲು ವೈನುಗಳು ಎರಡು-ಮೂರು ವರ್ಷದೊಳಗೆ ಕುಡಿಯಲಿಕ್ಕೆಂದೇ ಮಾಡಿದವು. ಅವುಗಳನ್ನು ಇಟ್ಟರೆ ಏನೂ ಬರುವುದಿಲ್ಲ, ಇದ್ದದ್ದೂ ಹೋಗುತ್ತದೆ.

ಬರೋಲೋಗೆ ಇಟಲಿಯ ಕಾಯ್ದೆಯೇ ಇದೆ. ಸುಗ್ಗಿಯಾದ ನವೆಂಬರಿನಿಂದ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ರಿಸರ್ವಾ ಎಂದು ಬರೆದುಕೊಳ್ಳಬೇಕಾದರೆ 62 ತಿಂಗಳು. ಹಾಗಾಗಿ 2010ರ ಹಣ್ಣಿನ ವೈನು ಪೇಟೆಗೆ ಬಂದದ್ದೇ 2014ರಲ್ಲಿ. ಆ ವರ್ಷ ಹಂಗಾಮು ತಂಪಾಗಿ, ನಿಧಾನವಾಗಿ ಸಾಗಿತ್ತು. ಹಣ್ಣಿನಲ್ಲಿ ಹುಳಿಯೂ ಒಗರೂ ಚೆನ್ನಾಗಿ ಉಳಿದದ್ದರಿಂದ 2010ನ್ನು ಬಹುಕಾಲ ಬಾಳುವ ಸುಗ್ಗಿ ಎಂದು ಎಣಿಸುತ್ತಾರೆ. ತಮ್ಮ ಕೊಂಡದ್ದು ಸೆರ್ರಲುಂಗಾ ದಾಲ್ಬಾ ಊರಿನ ಸಣ್ಣ ಹಿಡುವಳಿಯದು. ಹನ್ನೊಂದು ಊರುಗಳಲ್ಲಿ ಅತಿ ಬಿಗಿಯಾದ, ಅತಿ ನಿಧಾನವಾಗಿ ಹದಕ್ಕೆ ಬರುವ ವೈನಿಗೆ ಸೆರ್ರಲುಂಗಾ ಹೆಸರುವಾಸಿ.

"ಎರಡು ಬಾಟ್ಲಿ ತರ್ತೀನಣ್ಣಾ. ಇಪ್ಪತ್ತು ವರ್ಷ ಇಟ್ರೂ ತಡೀತೈತಂತ. ನೀ ಮೊದಲ ಇಡೂ ಜಾಗಾ ನೋಡು, ಜಾಗಾ ಆಗೂತನ ನಾ ತರಂಗಿಲ್ಲ" ಅಂದ.

ಜಾಗ ಹುಡುಕುವುದೇ ದೊಡ್ಡ ಕೆಲಸವಾಯಿತು. ವೈನಿಗೆ ಬೇಕಾದದ್ದು 12ರಿಂದ 14 ಡಿಗ್ರಿ ತಂಪು, ವರ್ಷವಿಡೀ ಏರಿಳಿತವಿಲ್ಲದ ತಂಪು. ಗಾಳಿಯಲ್ಲಿ ಶೇ. 60-70ರಷ್ಟು ತೇವ, ಇಲ್ಲವಾದರೆ ಬಿರಡೆ ಒಣಗಿ ಕುಗ್ಗುತ್ತದೆ. ಬೆಳಕು ಬೀಳಬಾರದು, ಅದುರಬಾರದು. ಬಾಟಲಿ ಅಡ್ಡ ಮಲಗಿರಬೇಕು, ಒಳಗಿನ ವೈನು ಬಿರಡೆಯನ್ನು ಸದಾ ಒದ್ದೆಯಾಗಿ ಇಟ್ಟಿರಬೇಕು.

ಊರಿನ ನಮ್ಮ ಹಳೆಯ ಮನೆ ಮೇಲ್ಮುದ್ದೆಯದು, ಮಣ್ಣಿನ ಚಾವಣಿಯದು. ಮಣ್ಣಿನ ಗೋಡೆ ಎರಡು ಮೊಳ ದಪ್ಪ. ನಡುಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನವೂ ಕೂತರೆ ಹಿತವೆನಿಸುತ್ತದೆ. ಆದರೆ ಮೈಗೆ ಹಿತವೆನಿಸುವುದು ಬೇರೆ, ಥರ್ಮಾಮೀಟರ್ ಹೇಳುವುದು ಬೇರೆ. ಗರಿಷ್ಠ-ಕನಿಷ್ಠ ಎರಡನ್ನೂ ಹಿಡಿದಿಡುವ ಥರ್ಮಾಮೀಟರ್ ಒಂದನ್ನು ಗೂಡಿನಲ್ಲಿ ಇಟ್ಟೆ. ಬೇಸಿಗೆಯಲ್ಲಿ 31 ತೋರಿಸಿತು.

ಆಗ ಅಪ್ಪ ಹಗೇವು ನೆನಪಿಸಿದರು. ಜೋಳ ತುಂಬಿಡಲು ಅಜ್ಜನ ಕಾಲದಲ್ಲಿ ತೋಡಿಸಿದ್ದು. ಆಳು ಮುಳುಗುವಷ್ಟು ಆಳ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ನಾನು ಹುಡುಗನಿದ್ದಾಗ ಅದನ್ನು ತೆರೆಯುವುದು ನೋಡಿದ್ದೇನೆ. ಬಾಯಿಯ ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮುಚ್ಚಿದ ಕಾಳು ಉಸಿರಾಡಿ ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರು ಮೇಲೆ ಬರುವುದಿಲ್ಲ. ಒಂದು ದಿನ ತೆರೆದುಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಉರಿಯುತ್ತಲೇ ಇದ್ದರೆ ಆಮೇಲೆ ಆಳು. ಈಗ ಬರಿದಾಗಿ ಬಿದ್ದಿರುವ ಹಗೇವಿಗೂ ಅಪ್ಪ ಅದೇ ಕ್ರಮ ಬಿಡಲಿಲ್ಲ. ಥರ್ಮಾಮೀಟರನ್ನು ಡಬ್ಬಿಯಲ್ಲಿ ಹಾಕಿ ತಳಕ್ಕೆ ಬಿಟ್ಟು ಬಾಯಿ ಮುಚ್ಚಿದೆವು. ಜನವರಿಯಲ್ಲಿ ಮೇಲೆತ್ತಿದಾಗ 26, ಮೇ ತಿಂಗಳಲ್ಲಿ 27.

ಇದನ್ನು ನಾನು ಬಹಳ ಹೊತ್ತು ಯೋಚಿಸಿದೆ. ಏರಿಳಿತವಿಲ್ಲ ಎಂಬುದೇನೋ ಸರಿ, ಆದರೆ ತಂಪೂ ಇಲ್ಲ. ಆಳದ ಮಣ್ಣಿನ ಬಿಸಿ ಆ ಊರಿನ ಇಡೀ ವರ್ಷದ ಸರಾಸರಿ ಬಿಸಿಯಷ್ಟೇ ಇರುತ್ತದೆ. ಲಾಂಗೆಯಲ್ಲಿ ಆ ಸರಾಸರಿ 12ರ ಆಸುಪಾಸು, ಅದಕ್ಕೇ ಅಲ್ಲಿ ನೆಲ ತೋಡಿದರೆ ವೈನಿಗೆ ತಕ್ಕ ಕೋಣೆ ತಾನಾಗಿ ಸಿಗುತ್ತದೆ. ನಮ್ಮಲ್ಲಿ ಎಷ್ಟು ಆಳ ತೋಡಿದರೂ ಸಿಗುವುದು 26. ಆ ಬಿಸಿಯಲ್ಲಿ ವೈನು ಪಕ್ವವಾಗುವುದಿಲ್ಲ, ಅವಸರವಾಗಿ ಮುದಿಯಾಗುತ್ತದೆ. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ನೆಲಮಾಳಿಗೆ ಕಟ್ಟಿಸಿ ವೈನಿಡಬೇಕೆಂದಿರುವ ಯಾರಾದರೂ ಇದ್ದರೆ ಕಟ್ಟಿಸುವ ಮೊದಲು ಒಂದು ವರ್ಷ ಥರ್ಮಾಮೀಟರ್ ಹೂತು ನೋಡಿ.

ಮಣೂಕದ ಕೋಲ್ಡ್ ಸ್ಟೋರೇಜ್ ವಿಚಾರವೂ ಬಂತು. ಅಲ್ಲಿ ನಾಲ್ಕೈದು ಡಿಗ್ರಿ, ಗಂಧಕದ ವಾಸನೆ, ಮೇಲಾಗಿ ಬೇರೆಯವರ ಗೋದಾಮಿನಲ್ಲಿ ಮದ್ಯ ಇಡುವುದು ಕಾನೂನಿಗೆ ಸರಿಯಲ್ಲ. ಅಡುಗೆಮನೆಯ ಫ್ರಿಜ್ಜೂ ಅಷ್ಟೇ: ತೀರ ತಂಪು, ಒಣ ಗಾಳಿ, ದಿನಕ್ಕೆ ನೂರು ಸಲ ಬಾಗಿಲು.

ಬೆಳಗಾವಿಯಲ್ಲಿ ನಮ್ಮ ಮನೆತನಕ್ಕೆ ಬೇಕಾದ ಒಬ್ಬರು ಡಾಕ್ಟರಿದ್ದಾರೆ, ನಾವು ಕಾಕಾ ಅನ್ನುತ್ತೇವೆ. ಟಿಳಕವಾಡಿಯ ಮನೆಯಲ್ಲಿ ಅವರ ಸಂಗ್ರಹವಿದೆ, ಹೆಚ್ಚಾಗಿ ಫ್ರಾನ್ಸಿನ ಬೋರ್ಡೋ ಸೀಮೆಯ ವೈನುಗಳು. 1855ರಲ್ಲಿ ಮಾಡಿದ ದರ್ಜೆಪಟ್ಟಿಯ ಮೊದಲ ಸಾಲಿನವು, ಲಫೀತ್, ಲತೂರ್, ಮಾರ್ಗೋ, ಓ-ಬ್ರಿಯೋಂ, ಆಮೇಲೆ 1973ರಲ್ಲಿ ಬಡ್ತಿ ಪಡೆದ ಮೂತೋನ್, ಇವುಗಳ ಇತಿಹಾಸ ಕಾಕಾರಿಗೆ ಬಾಯಿಪಾಠ. ಅವರು ನನಗೆ ಮೊದಲು ತೋರಿಸಿದ್ದು ಮಾತ್ರ ಕೆಟ್ಟ ಬಾಟಲಿ. ಒಂದು ಅಂಗಡಿಯಲ್ಲಿ ದೊಡ್ಡ ದುಡ್ಡು ಕೊಟ್ಟು ತಂದಿದ್ದಂತೆ. ಬಿರಡೆ ಬಾಯಿಗಿಂತ ಒಂದು ಕೂದಲೆಳೆ ಮೇಲೆದ್ದು ಹೊದಿಕೆಯನ್ನು ಉಬ್ಬಿಸಿತ್ತು. ಹೊದಿಕೆ ತಿರುಗಿಸಿದರೆ ಅಲುಗುತ್ತಿರಲಿಲ್ಲ, ಒಳಗೆ ವೈನು ಒಸರಿ ಅಂಟಿಕೊಂಡಿತ್ತು. ವೈನಿನ ಮಟ್ಟ ಕುತ್ತಿಗೆ ಬಿಟ್ಟು ಭುಜದವರೆಗೆ ಇಳಿದಿತ್ತು.

"ಹಡಗಿನ್ಯಾಗೋ ಗೋಡೌನಿನ್ಯಾಗೋ ಎಲ್ಲೋ ಬಿಸಿ ತಿಂದೈತಿದು. ಹೆಸರು ನೋಡಿ ರೊಕ್ಕಾ ಕೊಟ್ಟೆ. ನೀ ಕುತ್ತಿಗಿ ನೋಡು, ಬಿರಡಿ ನೋಡು, ಕಡೀಕ ಹೆಸರು ನೋಡು" ಅಂದರು.

ಅವರ ಈ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಹೊರದೇಶದ ವೈನಿಗೆ ನಮ್ಮಲ್ಲಿ ಆಮದು ಸುಂಕವೇ ಶೇ. 150ರವರೆಗೆ, ಅದರ ಮೇಲೆ ರಾಜ್ಯದ ತೆರಿಗೆ. ಅಷ್ಟು ಕೊಟ್ಟು ಕೊಳ್ಳುವವರು ಬಾಟಲಿ ಈವರೆಗೆ ಎಲ್ಲೆಲ್ಲಿತ್ತು, ಯಾರ ಕೈಯಲ್ಲಿತ್ತು ಎಂದು ಕೇಳುವುದು ಕಡಿಮೆ. ಸಂಗ್ರಹಯೋಗ್ಯ ವೈನಿನ ಬೆಲೆಯ ಅರ್ಧ ಆ ಚರಿತ್ರೆಯಲ್ಲಿದೆ. ಇನ್ನೊಂದು ಮಾತು: ಇಟ್ಟು ಮಾರಿ ಲಾಭ ಮಾಡುವ ಆಸೆಯಿಂದ ಇದಕ್ಕೆ ಕೈಹಾಕಬಾರದು. ಪರವಾನಗಿ ಇಲ್ಲದೆ ಒಂದು ಬಾಟಲಿ ಮಾರಿದರೂ ಅದು ಅಬಕಾರಿ ಅಪರಾಧ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಮಿತಿ ಇದೆ, ಅದನ್ನು ಅಬಕಾರಿ ಕಚೇರಿಯಲ್ಲೇ ವಿಚಾರಿಸಿಕೊಳ್ಳಬೇಕು. ಇಲ್ಲಿ ಇಡುವವನು ಕುಡಿಯಲಿಕ್ಕೆ, ಬೇಕಾದವರ ಜೊತೆ ಹಂಚಿಕೊಳ್ಳಲಿಕ್ಕೆ ಮಾತ್ರ ಇಡಬೇಕು.

ಕೊನೆಗೆ ವೈನ್ ಕೂಲರ್ ಕೊಳ್ಳುವುದೆಂದಾಯಿತು. ಇದರಲ್ಲಿ ಎರಡು ಜಾತಿ. ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಕೂಲರ್ ಸದ್ದು ಮಾಡುವುದಿಲ್ಲ, ಅದುರುವುದಿಲ್ಲ, ಅಗ್ಗವೂ ಹೌದು. ಆದರೆ ಕೋಣೆಯ ಬಿಸಿಗಿಂತ ಹತ್ತು-ಹದಿನೈದು ಡಿಗ್ರಿ ಇಳಿಸುವಷ್ಟೇ ಅದರ ಶಕ್ತಿ. ಕೋಣೆ 38 ಇದ್ದರೆ ಒಳಗೆ 24. ಬೆಂಗಳೂರಿನವರಿಗೆ ನಡೆದೀತು, ನಮಗಲ್ಲ. ಕಂಪ್ರೆಸರ್ ಇರುವುದನ್ನೇ ತರಿಸಿದೆವು, ಸ್ಟೆಬಿಲೈಸರ್ ಹಾಕಿದೆವು.

ಎಲ್ಲಿಡುವುದು? ಅವ್ವ ಒಂದೇ ಮಾತು ಹೇಳಿದಳು: "ದೇವರ ಮನಿ ಇರೂ ಮನ್ಯಾಗ ಬ್ಯಾಡಪ್ಪಾ. ಹೊರಗ ಎಲ್ಲೆರೆ ಇಟ್ಕೋರಿ, ನಾ ಏನೂ ಅನ್ನಂಗಿಲ್ಲ." ಅವಳ ಮಾತು ಮೀರುವ ಪ್ರಶ್ನೆಯೇ ಇರಲಿಲ್ಲ. ವಿಜಯಪುರ ಊರಲ್ಲಿ ಮಣೂಕದ ಲೆಕ್ಕಪತ್ರ ನೋಡುವ ನಮ್ಮದೊಂದು ಆಫೀಸು ಕೋಣೆ ಇದೆ. ಉತ್ತರಕ್ಕೆ ಮುಖ, ಬಿಸಿಲು ಬೀಳುವುದಿಲ್ಲ. ಅಲ್ಲಿ, ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಿದೆವು. ಎರಡೇ ಬಾಟಲಿಗೆ ಅಷ್ಟು ದೊಡ್ಡ ಪೆಟ್ಟಿಗೆ ಬರಿದಾಗಿದ್ದರೆ ಕರೆಂಟು ಹೋದಾಗ ಬೇಗ ಬಿಸಿಯಾಗುತ್ತದೆ. ಅದಕ್ಕೆ ಉಳಿದ ಗೂಡುಗಳಲ್ಲೆಲ್ಲ ನೀರು ತುಂಬಿದ ಬಾಟಲಿಗಳನ್ನು ಮಲಗಿಸಿದೆ. ನೀರು ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇ ತಿಂಗಳಲ್ಲಿ ಅರ್ಧ ದಿನ ಕರೆಂಟು ಇಲ್ಲದಿದ್ದಾಗಲೂ ಒಳಗೆ ಎರಡು ಡಿಗ್ರಿಗಿಂತ ಹೆಚ್ಚು ಏರಲಿಲ್ಲ. ದುಡ್ಡು ಖರ್ಚಿಲ್ಲದ ಈ ಉಪಾಯ ಸ್ಟೆಬಿಲೈಸರಿಗಿಂತ ಹೆಚ್ಚು ಕೆಲಸಕ್ಕೆ ಬಂತು. ತೇವಕ್ಕೆ ತಳದಲ್ಲಿ ಒಂದು ಬಟ್ಟಲು ನೀರು.

ಇಷ್ಟಾದ ಮೇಲೆ ತಮ್ಮ ಬಾಟಲಿ ತಂದ, ಅದೂ ಜನವರಿಯಲ್ಲಿ. ವಿಮಾನದಲ್ಲಿ ಬರುವವರಿಗೆ ಸುಂಕವಿಲ್ಲದೆ ಎರಡು ಲೀಟರ್‌ವರೆಗೆ ಮದ್ಯ ತರಲು ಅವಕಾಶವಿದೆ, 750 ಮಿಲಿಲೀಟರಿನ ಎರಡು ಬಾಟಲಿ ಅದರೊಳಗೇ. ಸ್ವೆಟರುಗಳಲ್ಲಿ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟಿದ್ದ. ಬಿಲ್ಲನ್ನು ಬೋರ್ಡಿಂಗ್ ಪಾಸಿನ ಜೊತೆ ಪಿನ್ ಮಾಡಿ ಕೊಟ್ಟ, ಅದು ಈಗಲೂ ಕಡತದಲ್ಲಿದೆ. ಬೆಂಗಳೂರಿನಿಂದ ಊರಿಗೆ ರಾತ್ರಿಯ ತಂಪಿನಲ್ಲೇ ಕಾರು ಓಡಿಸಿಕೊಂಡು ಬಂದೆವು.

ಆಮೇಲಿನ ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಪಡದಲ್ಲಿ ಚಾಟ್ನಿ, ಡೌನಿ ರೋಗ, ಕಟಾವು, ಅಕಾಲದ ಮಳೆ. ಆಫೀಸಿನಲ್ಲಿ ಕೂಲರಿನ ಸಣ್ಣ ಸದ್ದು. ವಾರಕ್ಕೊಮ್ಮೆ ತಾಪಮಾನ ಬರೆದಿಡುವ ವಹಿ. ಬಾಟಲಿಗಳನ್ನು ಹೊರಗೆ ತೆಗೆದು ಬಂದವರಿಗೆ ತೋರಿಸುವ ಆಸೆ ಆಗಾಗ ಆಗುತ್ತಿತ್ತು, ತಡೆದುಕೊಂಡೆ.

ತೆರೆಯುವ ಕಾಲ ನಿಶ್ಚಯಿಸಿದ್ದು ಕಾಕಾ. ಒಳ್ಳೆಯ ವರ್ಷದ ಸೆರ್ರಲುಂಗಾ ಹತ್ತು ವರ್ಷದೊಳಗೆ ಮುಚ್ಚಿದ ಮುಷ್ಟಿ, ಹದಿನೈದರ ಸುಮಾರಿಗೆ ಬೆರಳು ಬಿಚ್ಚುತ್ತದೆ ಅನ್ನುವುದು ಅವರ ಅನುಭವ. ಹೋದ ಚಳಿಗಾಲದಲ್ಲಿ ತಮ್ಮ ರಜೆಗೆ ಬಂದ, ಕಾಕಾ ಬೆಳಗಾವಿಯಿಂದ ಹೊರಟರು, ನಾನು ಎರಡು ದಿನ ಮೊದಲೇ ಬಾಟಲಿಯನ್ನು ಮೆಲ್ಲಗೆ ಎತ್ತಿ ಕೂಲರಿನೊಳಗೇ ನೆಟ್ಟಗೆ ನಿಲ್ಲಿಸಿದೆ. ವರ್ಷಗಟ್ಟಲೆ ಪಕ್ಕೆಯಲ್ಲಿ ಕೂತ ಗಸಿ ತಳಕ್ಕೆ ಇಳಿಯಬೇಕಲ್ಲ.

ಹೊದಿಕೆ ಕತ್ತರಿಸಿದಾಗ ಬಿರಡೆಯ ತಲೆಯ ಮೇಲೆ ಕಪ್ಪಗೆ ತೆಳುವಾದ ಬೂಷ್ಟು. "ಹೆದರಬ್ಯಾಡ, ತೇವಾ ಛಲೋ ಇತ್ತು ಅನ್ನೂದಕ್ಕ ಸಾಕ್ಷಿ ಅದು" ಅಂದರು ಕಾಕಾ. ಒದ್ದೆ ಬಟ್ಟೆಯಿಂದ ಒರೆಸಿದೆ. ಹಳೆಯ ಬಿರಡೆಗೆ ತಿರುಪು ಹಾಕಿದರೆ ನಡುವೆ ಮುರಿಯುವ ಭಯ, ಅದಕ್ಕೆ ಕಾಕಾ ಎರಡು ತೆಳು ತಗಡಿನ ಅಲಗುಗಳ, ಆಸೋ ಎಂಬ ಬಿರಡೆ ತೆಗೆಯುವ ಸಾಧನ ತಂದಿದ್ದರು. ಒಂದು ಅಲಗು ಉದ್ದ, ಒಂದು ಗಿಡ್ಡ. ಉದ್ದದ್ದನ್ನು ಮೊದಲು ಬಿರಡೆ ಮತ್ತು ಗಾಜಿನ ಸಂದಿಗೆ ತೂರಿಸಿ, ಆಮೇಲೆ ಗಿಡ್ಡದ್ದನ್ನು, ಆ ಕಡೆ ಈ ಕಡೆ ಅಲುಗಿಸುತ್ತ ಕೆಳಗಿಳಿಸಬೇಕು. ನಡುವೆ ಅವಸರ ಮಾಡಿದರೆ ಬಿರಡೆ ಒಳಗೇ ಬೀಳುತ್ತದೆ. ಹಿಡಿ ಕೂತ ಮೇಲೆ ತಿರುವುತ್ತ ಮೇಲಕ್ಕೆ. ಬಿರಡೆ ಇಡಿಯಾಗಿ ಬಂತು. ವೈನು ತಾಕಿದ ತುದಿಯಿಂದ ಕಾಲು ಭಾಗದವರೆಗೆ ಮಾತ್ರ ಕೆಂಪು, ಮೇಲೆಲ್ಲ ಒಣಗದೆ ಮೆತ್ತಗಿತ್ತು. ಎಲ್ಲಿಯೂ ಒಸರಿದ ಗೆರೆಯಿಲ್ಲ. ಇಷ್ಟು ವರ್ಷದ ಕಾವಲಿನ ಫಲಿತಾಂಶ ನನಗೆ ಆಗಲೇ ಕೈಯಲ್ಲಿ ಸಿಕ್ಕಿತ್ತು.

ತಮ್ಮ ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದ, ನಾನು ಅಗಲ ಹೊಟ್ಟೆಯ ಗಾಜಿನ ಹೂಜಿಗೆ ಒಂದೇ ಧಾರೆಯಾಗಿ ಬಗ್ಗಿಸಿದೆ. ಕಡೆಗೆ ಬೆಳಕಿನಲ್ಲಿ ಗಸಿಯ ಕಪ್ಪು ಎಳೆ ಭುಜದ ತಿರುವಿಗೆ ಬಂದದ್ದು ಕಂಡಿತು. ನಿಲ್ಲಿಸಿದೆ. ತಳದಲ್ಲಿ ಎರಡು ಬೆರಳಷ್ಟು ಉಳಿಯಿತು. ಮೂರು ತಾಸು ಗಾಳಿಗೆ ಬಿಟ್ಟೆವು.

ಗ್ಲಾಸಿನಲ್ಲಿ ಅದರ ಬಣ್ಣ ನೋಡಿದವರಿಗೆ ಇದು ಹಗುರ ವೈನು ಅನ್ನಿಸಬೇಕು. ನೆಬ್ಬಿಯೋಲೋ ಹೊಸದರಲ್ಲೇ ಗಾಢ ಕೆಂಪಲ್ಲ. ಈಗಂತೂ ನಡುವೆ ದಾಳಿಂಬೆ, ಅಂಚಿನಲ್ಲಿ ಇಟ್ಟಿಗೆ. ಮೂಗಿಗೆ ಮೊದಲು ಬಂದದ್ದು ಒಣಗಿದ ಗುಲಾಬಿ, ಅದರ ಹಿಂದೆಯೇ ಹೊಸ ರಸ್ತೆಯ ಡಾಂಬರು. ಪುಸ್ತಕಗಳಲ್ಲಿ ಈ ಎರಡನ್ನು ಓದಿದ್ದೆ, ಹೀಗೆ ಒಟ್ಟೊಟ್ಟಿಗೆ ಬರುತ್ತವೆ ಎಂದು ನಂಬಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಣ ಅಂಜೂರ, ಜೇಷ್ಠಮಧು, ಮಳೆ ಬಿದ್ದ ತೋಟದ ತರಗು. ಬಾಯಲ್ಲಿ ಹುಳಿ ಇನ್ನೂ ಚುರುಕು. ಒಗರು ಹೋಗಿಲ್ಲ, ಆದರೆ ಅದರ ಮುಳ್ಳು ಹೋಗಿದೆ. ನುಂಗಿದ ಮೇಲೆ ಬಹಳ ಹೊತ್ತು ಉಳಿಯಿತು.

ಊಟಕ್ಕೆ ಖಾರ ಕಡಿಮೆ ಹಾಕಿದ ಮಟನ್ ಸುಕ್ಕಾ, ಬಿಸಿ ಜೋಳದ ರೊಟ್ಟಿ, ಬೆಣ್ಣೆ. ಮಾಂಸ ಮತ್ತು ಜಿಡ್ಡು ಒಗರನ್ನು ತಣಿಸುತ್ತವೆ. ನಮ್ಮ ಕೆಂಪು ಖಾರವನ್ನು ಮಾತ್ರ ಆ ದಿನ ದೂರವಿಟ್ಟೆವು. ಖಾರದ ಜೊತೆ ಟ್ಯಾನಿನ್ ಕಹಿಯಾಗುತ್ತದೆ. ಬೆಣ್ಣೆ ಹಚ್ಚಿದ ರೊಟ್ಟಿಯ ಮೇಲೆ ಚೂರು ಅಗಸಿ ಹಿಂಡಿ ಹಾಕಿಕೊಂಡದ್ದು ಎಲ್ಲಕ್ಕಿಂತ ಚೆನ್ನಾಗಿ ಹೊಂದಿತು. ಲಾಂಗೆಯವರಿಗೂ ಇದನ್ನೊಮ್ಮೆ ತಿನ್ನಿಸಬೇಕು.

ಅಪ್ಪ ಎರಡು ಗುಟುಕು ಕುಡಿದರು. ಗ್ಲಾಸಿಗಿಂತ ಹೆಚ್ಚಾಗಿ ಅವರು ನೋಡುತ್ತಿದ್ದದ್ದು ಬಾಟಲಿಯ ತಳದ ಗಸಿಯನ್ನು. ಬೆರಳಿಗೆ ಹಚ್ಚಿಕೊಂಡು ಉಜ್ಜಿದರು. "ಸಿಪ್ಪೀ ಬಣ್ಣಾ ಇದು. ಹದಿನೈದು ವರ್ಷ ನೀರಾಗಿದ್ದು ಈಗ ಮಣ್ಣಾಗೇತಿ" ಅಂದರು. ಆಮೇಲೆ ಕೇಳಿದರು: "ಇದರ ಕಡ್ಡಿ ನಮ್ಮ ಹೊಲದಾಗ ಹತ್ತತೈತೇನು?"

ಕಾಕಾ ತಲೆ ಅಲ್ಲಾಡಿಸಿದರು. ನೆಬ್ಬಿಯೋಲೋಗೆ ತಣ್ಣಗಿನ, ಉದ್ದನೆಯ ಶರತ್ಕಾಲ ಬೇಕು. ನಮ್ಮಲ್ಲಿ ಹಣ್ಣು ಮಾಗುವ ಹೊತ್ತಿಗೆ ಬಿಸಿಲು ಏರುತ್ತಿರುತ್ತದೆ, ಹುಳಿ ಉಳಿಯುವುದಿಲ್ಲ. ಆದರೆ ಸೋಲಾಪುರ ಜಿಲ್ಲೆಯ ಅಕಲೂಜ್‌ನಲ್ಲಿ ಫ್ರಾಟೆಲ್ಲಿ ಎಂಬ ವೈನ್ ಕಂಪನಿಯವರು ಇಟಲಿಯದೇ ಇನ್ನೊಂದು ತಳಿ ಸ್ಯಾಂಜೊವೇಸಿಯನ್ನು ಬೆಳೆದು, ಫ್ರಾನ್ಸಿನ ತಳಿ ಕ್ಯಾಬರ್ನೆ ಸೊವಿನ್ಯೋಂ ಜೊತೆ ಸೇರಿಸಿ, ಸೆಟ್ಟೆ ಎಂಬ ವೈನು ಮಾಡುತ್ತಾರೆ. ಇಟಲಿಯ ಟಸ್ಕನಿ ಸೀಮೆಯ ವೈನ್ ತಯಾರಕ ಪಿಯೆರೋ ಮಾಸಿ ಅದರ ಹಿಂದಿನ ಕೈ. ಮೊದಲ ಸುಗ್ಗಿ 2009ರದು. ನಮ್ಮ ಹಾಗೇ ಎರಡು ಚಾಟ್ನಿ, ನಮ್ಮ ಹಾಗೇ ಬೇಸಿಗೆ ಮುಂದೆ ನಿಂತ ಕಟಾವು. ಅದನ್ನು ಇಪ್ಪತ್ತು ವರ್ಷ ಇಡಲಾಗದು, ಆದರೆ ಕೆಲವು ವರ್ಷ ಇಡುವಷ್ಟು ಗಟ್ಟಿ ಇದೆ. ನಮ್ಮ ಬಿಸಿಲಿನ ದ್ರಾಕ್ಷಿಯಿಂದ ಕಾಯಬಲ್ಲ ವೈನು ಬರಬಹುದು ಎಂಬುದಕ್ಕೆ ನನಗೆ ಅಷ್ಟು ಸಾಕು.

ಅಪ್ಪನಿಗೂ ಸಾಕಾಯಿತು ಎಂದು ಕಾಣುತ್ತದೆ. ಈ ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ಅಕಲೂಜ್ ಕಡೆ ಹೋಗಿ ಆ ಪಡಗಳನ್ನು ನೋಡಿಕೊಂಡು ಬರುವುದೆಂದು ಅವರೇ ಹೇಳಿದ್ದಾರೆ. ಕೂಲರಿನಲ್ಲಿ ಎರಡು ನೀರಿನ ಬಾಟಲಿ ತೆಗೆದು ಸೆಟ್ಟೆಗೆ ಜಾಗ ಮಾಡಿದ್ದೇನೆ. ಉಳಿದ ಬರೋಲೋವನ್ನು ಕಾಕಾ 2030ಕ್ಕೆ ಮೊದಲು ಮುಟ್ಟಬೇಡಿ ಎಂದಿದ್ದಾರೆ. ಸ್ಟೆಬಿಲೈಸರ್ ಹಳತಾಗಿದೆ, ಮುಂದಿನ ಬೇಸಿಗೆಯೊಳಗೆ ಬದಲಿಸಬೇಕು.